ಗಾಜಿನ ಬೀರುವಿನ ಕುಶನ್ ಕವರು ನಮ್ಮ ಅವ್ವನದು

ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ನಾನು ಓದಿದ ಪ್ರೌಢಶಾಲೆಯವರು ನಮ್ಮ ಅವ್ವ ಹೆಣೆದ ಕುಶನ್ ಕವರೊಂದನ್ನು ಹನ್ನೊಂದು ವರ್ಷಗಳಿಂದ ತಮ್ಮ ಗಾಜಿನ ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆ, ಅದೂ ಬೇರೆಯವರ ಹೆಸರಿನಲ್ಲಿ. ಆ ಬೇರೆಯವರು ಯಾರೆಂದರೆ ನಾನೇ. ವೇಳಾಪಟ್ಟಿಯಲ್ಲಿ ಕ್ರಾಫ್ಟ್ ಎಂದು ಬರೆದು ಆ ಪಿರಿಯಡ್ಡನ್ನು ವರ್ಷವಿಡೀ ಗಣಿತಕ್ಕೆ ಬಿಟ್ಟುಕೊಟ್ಟವರು, ಕಲಿಸದ ಕೆಲಸಕ್ಕೆ ಅಂಕ ಹಾಕಿದವರು, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎರಡು ಬಣ್ಣದ ಜೋಡಿ ಗೋಪುರವನ್ನು ಒಂದು ಕುಣಿಕೆಯೂ ಜಾರದಂತೆ ಹೆಣೆಯಬಲ್ಲಳೇ ಎಂದು ಒಮ್ಮೆಯಾದರೂ ಕೇಳದವರು, ಇವರೆಲ್ಲ ಉತ್ತರ ಹೇಳಬೇಕು. ನಾನೂ ಹೇಳಬೇಕು. ಅದಕ್ಕೆಂದೇ ಕೂತಿದ್ದೇನೆ.

ಆದರೆ ಆರೋಪಪಟ್ಟಿಯನ್ನು ಬಿಡಿಸಿ ಓದುವ ಮೊದಲು ಒಂದು ಕಡ್ಡಿಯ ವಿಷಯ ಹೇಳಲು ಓದುಗರು ಅಪ್ಪಣೆ ಕೊಡಬೇಕು.

ಹೊಳೆನರಸೀಪುರದ ನಮ್ಮ ಮನೆಯ ಅಡುಗೆಮನೆಯಲ್ಲಿ, ಸೌಟು ಜಾಲರಿಗಳು ನಿಲ್ಲುವ ಡಬ್ಬದಲ್ಲಿ, ಅಲ್ಯೂಮಿನಿಯಮ್ಮಿನ ಉದ್ದನೆಯ ಕಡ್ಡಿಯೊಂದು ನನಗೆ ಬುದ್ಧಿ ಬಂದಾಗಿನಿಂದ ಇದೆ. ಇಡ್ಲಿ ಬೆಂದಿದೆಯೇ ಎಂದು ಚುಚ್ಚಿ ನೋಡಲು ಅವ್ವ ಅದನ್ನು ಬಳಸುತ್ತಾಳೆ. ಹಾಗಾಗಿ ಅದರ ಹೆಸರು ಇಡ್ಲಿ ಕಡ್ಡಿ ಎಂದೇ ನಾನು ಎಷ್ಟೋ ವರ್ಷ ನಂಬಿದ್ದೆ. ಗೆಳತಿಯ ಮನೆಯಲ್ಲಿ, “ನಿಮ್ಮಲ್ಲಿ ಇಡ್ಲಿ ಕಡ್ಡಿ ಇಲ್ವಾ?” ಎಂದು ಕೇಳಿ ನಗೆಪಾಟಲಾದದ್ದೂ ಉಂಟು. ಈ ಸಲದ ಮಳೆಗಾಲದ ಆರಂಭದ ಒಂದು ಭಾನುವಾರ ಆ ಕಡ್ಡಿಯ ತಲೆಯ ಮೇಲೆ ಕೆತ್ತಿದ್ದ ಹತ್ತು ಎಂಬ ಅಂಕಿ ಕಣ್ಣಿಗೆ ಬಿತ್ತು. ಅದು ಹೆಣಿಗೆ ಕಡ್ಡಿಯ ಅಳತೆ. ಹೆಣಿಗೆ ಕಡ್ಡಿ ಎಂದಮೇಲೆ ಒಂಟಿಯಾಗಿ ಹುಟ್ಟುವುದಿಲ್ಲವಷ್ಟೆ.

“ಅವ್ವ, ಇದ್ರ ಜೊತೆದೆಲ್ಲಿ?” ಎಂದೆ.

“ಟಮಾಟೆ ಗಿಡುಕ್ಕೆ ಊರಿವ್ನಿ. ಯಾಕೆ?”

“ಸ್ಕೂಲಿಗೆ ಕೊಟ್ಟಿದ್ದೆವಲ್ಲ, ಆ ಜೋಡಿ ಗುಡಿ ಕುಶನ್ ಕವರು. ಅಂಥದ್ದೇ ಇನ್ನೊಂದು ಹಾಕಬೇಕು ಅಂತಿದ್ದೀನಿ.”

ಅವ್ವ ಇಡ್ಲಿ ತಟ್ಟೆಯಿಂದ ತಲೆಯೆತ್ತಲಿಲ್ಲ. “ನೀನಾ?” ಎಂದಳು. ಅಷ್ಟೇ. ಹಾಸನದಲ್ಲಿ ಎರಡು ವರ್ಷ ಎಂ.ಎ. ಓದುವಾಗ ಎಷ್ಟೋ ವಿಮರ್ಶೆಗಳನ್ನು ಓದಿದ್ದೇನೆ. ಇಷ್ಟು ಚಿಕ್ಕದಾದ, ಇಷ್ಟು ಪೂರ್ಣವಾದ ವಿಮರ್ಶೆಯನ್ನು ಕಂಡಿಲ್ಲ.

ಅವ್ವನ ಆ ಪ್ರಶ್ನೆಗೆ ಆಧಾರವಿತ್ತು. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ದಸರಾ ರಜೆಗೆ ಮುಂಚೆ ಒಂದು ಅಪ್ಪಣೆ ಹೊರಟಿತು. ಹೆಣ್ಣುಮಕ್ಕಳೆಲ್ಲರೂ ಒಂದೊಂದು ಕೈಕೆಲಸ ಮಾಡಿ ತರಬೇಕು, ಇಪ್ಪತ್ತೈದು ಅಂಕ. ಕ್ರಾಫ್ಟ್ ಪಿರಿಯಡ್ಡಿನಲ್ಲಿ ನಾವು ಅದುವರೆಗೆ ಕಲಿತದ್ದು ವೃತ್ತದ ಪ್ರಮೇಯಗಳನ್ನು. ಗಣಿತದ ಮೇಷ್ಟ್ರಿಗೆ ಪಾಠ ಮುಗಿಯುತ್ತಿರಲಿಲ್ಲ, ಕ್ರಾಫ್ಟಿಗೆ ಟೀಚರೇ ಇರಲಿಲ್ಲ, ಹೀಗಾಗಿ ಇಬ್ಬರ ಕಷ್ಟವೂ ಒಟ್ಟಿಗೆ ಪರಿಹಾರವಾಗಿತ್ತು. ಅಪ್ಪಣೆ ಕೇಳಿದ ನಲವತ್ತು ಹುಡುಗಿಯರೂ ಒಂದೇ ಕೆಲಸ ಮಾಡಿದೆವು: ಮನೆಗೆ ಹೋಗಿ, ಬ್ಯಾಗು ಇಳಿಸಿ, ಅಮ್ಮನ ಮುಂದೆ ನಿಂತೆವು. ನಮ್ಮ ಕಡೆ ಇದು ಗುಟ್ಟೂ ಅಲ್ಲ, ತಪ್ಪೂ ಅಲ್ಲ. ಹೋಮ್‌ವರ್ಕ್ ಮಕ್ಕಳದು, ಕ್ರಾಫ್ಟ್ ತಾಯಂದಿರದು ಎಂಬುದು ಯಾರೂ ಬರೆಯದ, ಎಲ್ಲರೂ ಪಾಲಿಸುವ ನಿಯಮ. ಗಂಡುಮಕ್ಕಳಿಗೆ ಬೇರೆ ಏನೋ ಇತ್ತು. ಅವರು ಅಂಗಡಿಯಲ್ಲಿ ಮಣ್ಣಿನ ಹಣ್ಣುಗಳನ್ನು ಕೊಂಡು ತಂದು ಬಣ್ಣ ಬಳಿದಿದ್ದಾಗಿ ಹೇಳಿದರು.

ಅವ್ವ ಬೇರೆಯವರಂತೆ ಬಾಗಿಲ ತೋರಣವನ್ನೋ ಮಣಿಯ ಗಿಳಿಯನ್ನೋ ಮಾಡಿಕೊಟ್ಟು ಕೈ ತೊಳೆದುಕೊಳ್ಳಬಹುದಾಗಿತ್ತು. ಅವಳ ತವರು ಅರಕಲಗೂಡು ತಾಲ್ಲೂಕಿನ ಕೊಣನೂರು. ಮದುವೆಗೆ ಮುಂಚೆ ಅಲ್ಲಿ ಪಕ್ಕದ ಮನೆಯ ಟೀಚರಮ್ಮನ ಹತ್ತಿರ ಸೀದಾ, ಉಲ್ಟಾ ಎರಡೂ ಹೆಣಿಗೆ ಕಲಿತಿದ್ದಳು. ಏಳನೆಯ ತರಗತಿಗೆ ಓದು ಬಿಡಿಸಿದ್ದರು. ಕಡ್ಡಿಯನ್ನು ಮಾತ್ರ ಯಾರೂ ಬಿಡಿಸಿರಲಿಲ್ಲ. ಅಪ್ಪಣೆ ಬಂದ ಆ ಸಂಜೆ ಅವಳು ಟ್ರಂಕಿನ ತಳದಿಂದ ಎರಡು ಉಂಡೆ ಉಲ್ಲನ್ ತೆಗೆದಳು, ಒಂದು ಮೆರೂನ್, ಒಂದು ಕೆನೆಬಣ್ಣದ್ದು. ಮುಂದಿನ ಹದಿನೆಂಟು ದಿನ ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚು ಕಡಿಮೆಯಾಯಿತು. ಕೊನೆಯಲ್ಲಿ ಒಂದು ಕುಶನ್ ಕವರು ಹುಟ್ಟಿತು. ಮೆರೂನ್ ಬಣ್ಣದ ಆಕಾಶ, ಅದರೊಳಗೆ ಕೆನೆಬಣ್ಣದ ಎರಡು ಗುಡಿಗಳು, ಅಕ್ಕಪಕ್ಕ, ಅವಳಿಜವಳಿಯಂತೆ, ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುತ್ತ ಹೋಗುವ ಗೋಪುರಗಳೊಂದಿಗೆ.

ಹಾಸನದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಅದು ಮೊಸಳೆ ಎಂಬ ಊರಿನ ಜೋಡಿ ದೇವಸ್ಥಾನ. ಚನ್ನರಾಯಪಟ್ಟಣದ ದೊಡ್ಡಮ್ಮ, ಎಂದರೆ ಅವ್ವನ ಅಕ್ಕ, ಒಂದು ವರ್ಷ ಎಲ್ಲರನ್ನೂ ಟೆಂಪೊ ಹತ್ತಿಸಿಕೊಂಡು ಅಲ್ಲಿಗೆ ಕರೆದೊಯ್ದಿದ್ದಳು. ನನಗೆ ಆಗ ಏಳೆಂಟು ವರ್ಷ. ನೆನಪಿರುವುದು ಪುಳಿಯೋಗರೆ ಮತ್ತು ಒಂದು ಹಲ್ಲಿ. ಶಿಲ್ಪಕಲೆಯ ವಿಷಯದಲ್ಲಿ ನನ್ನ ಪ್ರತಿಭೆ ಅಷ್ಟಕ್ಕೇ ನಿಂತಿತ್ತು.

ಕವರನ್ನು ಶಾಲೆಗೆ ಕೊಟ್ಟೆ. ಇಪ್ಪತ್ತೈದಕ್ಕೆ ಇಪ್ಪತ್ನಾಲ್ಕು ಬಂತು. ಆ ಒಂದು ಅಂಕ ಎಲ್ಲಿಗೆ ಹೋಯಿತೆಂದು ಅವ್ವ ಎರಡು ದಿನ ಯೋಚಿಸಿದಳು. “ಪ್ರದರ್ಶನಕ್ಕೆ ಇಟ್ಕೊಂಡಿದ್ದೀವಿ, ಆಮೇಲೆ ಕೊಡ್ತೀವಿ” ಎಂದರು ಶಾಲೆಯವರು. ಆ ಆಮೇಲೆ ಇನ್ನೂ ಬಂದಿಲ್ಲ.

ಅವ್ವ ಕೇಳಲಿಲ್ಲ. ಕೇಳುವುದಿರಲಿ, ತಾನು ಹೆಣೆದದ್ದೆಂದು ಎಲ್ಲಿಯೂ ಬಾಯಿ ಬಿಡಲಿಲ್ಲ. ಕೆಲವು ವರ್ಷಗಳ ನಂತರ ಚನ್ನರಾಯಪಟ್ಟಣದಲ್ಲಿ ದೊಡ್ಡಮ್ಮನ ಮಗಳ ಸೀಮಂತ. ಹಾಲ್ ತುಂಬ ಹೆಂಗಸರು. ದೊಡ್ಡಮ್ಮ ನನ್ನ ರಟ್ಟೆ ಹಿಡಿದು ನಡುವೆ ನಿಲ್ಲಿಸಿದಳು.

“ನೋಡ್ರವ್ವ, ಇವ್ಳೇ ನಮ್ ತಂಗಿ ಮಗ್ಳು. ಉಲ್ಲನ್ನಾಗೆ ದೇವಸ್ಥಾನಾನೇ ಕಟ್ಬುಟ್ಟವ್ಳೆ. ಇಸ್ಕೂಲ್ನೋರು ಗಾಜಿನ ಬೀರಾಗೆ ಮಡಗವ್ರಂತೆ. ಲೇ ಚೈತ್ರ, ಉಟ್ಟೋ ಮಗೀಗೆ ಒಂದ್ ಟೋಪಿ, ಒಂದ್ ಸ್ವೆಟ್ರು ಆಕ್ಕೊಡೆ.”

ನನ್ನ ಬೆವರು ಅಲ್ಲಿದ್ದವರಿಗೆ ವಿನಯದಂತೆ ಕಂಡಿತು. ನಾನು ಅವ್ವನ ಮುಖ ನೋಡಿದೆ. ಅವ್ವ ಸೋಬಾನೆ ಹೇಳುವವರ ಕಡೆ ನೋಡುತ್ತಿದ್ದಳು. ಊರಿಗೆ ಬಂದ ಮೇಲೆ ಒಂದು ವಾರ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಟೋಪಿ, ಸ್ವೆಟರು ಎರಡನ್ನೂ ಮುಗಿಸಿ, ಚೀಲಕ್ಕೆ ಹಾಕಿ, ನನ್ನ ಕೈಗೆ ಕೊಟ್ಟು, “ನೀನೇ ಕೊಡು. ಕೇಳುದ್ರೆ ಉಲ್ಟಾ ಸೀದಾ ಅಂತ ಒಂದೆಲ್ಡ್ ಮಾತಾಡು, ಬಾಳ ಮಾತಾಡ್ಬ್ಯಾಡ” ಎಂದಳು. ಕೊಟ್ಟೆ. ಮಾತಾಡಿದೆ. ಬಹಳವೇ ಮಾತಾಡಿದೆ ಎಂದು ಆಮೇಲೆ ಅವ್ವ ಬೈದಳು.

ಇನ್ನೂ ಕೆಳಗಿನ ಮೆಟ್ಟಿಲೊಂದಿದೆ, ಅದನ್ನೂ ಇಳಿದುಬಿಡುತ್ತೇನೆ. ಎಂ.ಎ. ಎರಡನೆಯ ವರ್ಷ ಸೆಮಿನಾರಿನಲ್ಲಿ ನಾನು ಆರಿಸಿಕೊಂಡ ವಿಷಯ ಮನೆಯೊಳಗಿನ ಅದೃಶ್ಯ ದುಡಿಮೆ. ನಲವತ್ತು ನಿಮಿಷ ಗುಡುಗಿದೆ. ಹೆಣ್ಣಿನ ಕೈಕೆಲಸವನ್ನು ಸಮಾಜ ಹೇಗೆ ಹೆಸರಿಲ್ಲದ್ದನ್ನಾಗಿ ಮಾಡುತ್ತದೆ ಎಂದು ಮೇಜು ಗುದ್ದಿದೆ. ಚಪ್ಪಾಳೆ ಬಿತ್ತು. ಮುಗಿದ ಮೇಲೆ ಮೇಡಂ ಒಬ್ಬರು ಬಳಿಗೆ ಬಂದು, ನನ್ನ ಸ್ವೆಟರಿನ ತೋಳನ್ನು ಮುಟ್ಟಿ, “ಎಷ್ಟು ಚೆನ್ನಾಗಿದೆ, ಎಲ್ಲಿ ತಗೊಂಡೆ?” ಎಂದರು. “ಮನೇಲಿತ್ತು ಮೇಡಂ” ಎಂದೆ. ಇತ್ತು. ಸೀಬೆಗಿಡದಲ್ಲಿ ಕಾಯಿ ಬಿಟ್ಟಂತೆ ಸ್ವೆಟರು ನಮ್ಮ ಮನೆಯಲ್ಲಿ ತಾನಾಗಿ ಬಿಟ್ಟಿತ್ತು. ಬಸ್ಸಿನಲ್ಲಿ ಊರಿಗೆ ಬರುವಾಗ ಆ ಒಂದು ಪದ ಕುತ್ತಿಗೆಯ ಹತ್ತಿರ ಚುಚ್ಚತೊಡಗಿತು.

ಆ ಚುಚ್ಚುವಿಕೆಯಿಂದಲೇ ಈ ವರ್ಷದ ನನ್ನ ಹಟ ಹುಟ್ಟಿದ್ದು. ಹೆಸರು ಪಡೆದದ್ದನ್ನು ಕಲಿತಾದರೂ ತೀರಿಸಬೇಕು ಎನಿಸಿತು. ಟೊಮೇಟೊ ಗಿಡಕ್ಕೆ ಬೇರೆ ಕೋಲು ಕೊಟ್ಟು ಕಡ್ಡಿ ಬಿಡಿಸಿಕೊಂಡೆ. ಹಾಸನಕ್ಕೆ ಹೋಗಿ ಬಳೆ, ಲೇಸು, ಗುಂಡಿ ಮಾರುವ ಅಂಗಡಿಯಲ್ಲಿ ಉಲ್ಲನ್ ಕೇಳಿದೆ. ಅಂಗಡಿಯ ಯಜಮಾನರು ಅಟ್ಟದಿಂದ ಗೋಣಿಚೀಲ ಇಳಿಸುತ್ತ, “ಯಾವ ಸ್ಕೂಲಮ್ಮ ನಿಮ್ಮ ಮಗಳದ್ದು?” ಎಂದರು. “ನನಗೇ” ಎಂದೆ. ಅವರು ನನ್ನನ್ನು ಸ್ವಲ್ಪ ಅನುಕಂಪದಿಂದ ನೋಡಿ ಒಂದು ಉಂಡೆಯನ್ನು ಹೆಚ್ಚಿಗೆ ಹಾಕಿದರು.

ಓದಿದವಳಲ್ಲವೇ, ಮೊದಲು ನಕ್ಷೆ ಬರೆದೆ. ಚೌಕಳಿ ಲೆಕ್ಕದ ಪುಸ್ತಕದಲ್ಲಿ ಒಂದು ಮನೆಗೆ ಒಂದು ಕುಣಿಕೆಯಂತೆ ಒಂಟಿ ಗುಡಿಯೊಂದನ್ನು ಪೆನ್ಸಿಲಿನಿಂದ ತುಂಬಿದೆ, ಅಭ್ಯಾಸಕ್ಕೆಂದು. ಅರಕಲಗೂಡಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿರುವ ನಾನು ದಿನವೂ ಬಸ್ಸಿನಲ್ಲಿ ಹೋಗಿಬರುತ್ತೇನೆ. ಮನೆಯ ಸಮಯ ಸಾಲದೆ ಬಸ್ಸಿನಲ್ಲೂ ಕಡ್ಡಿ ತೆಗೆದೆ. ಎರಡನೆಯ ದಿನವೇ ಕಂಡಕ್ಟರ್ ಬಂದು ನಿಂತರು. “ಮೇಡಂ, ಕಡ್ಡಿ ಒಳಿಕ್ಕೆ ಮಡಿಕಳಿ. ಡ್ರೈವರ್ ಬ್ರೇಕ್ ಆಕುದ್ರೆ ಮುಂದ್ಕೂತವ್ರೆ ಗೌಡ್ರು, ಅವ್ರ್ ಬೆನ್ನಿಗೂ ಒಂದ್ ಉಲ್ಟಾ ಸೀದಾ ಆಗೋಯ್ತದೆ.” ಮುಂದೆ ಕೂತಿದ್ದ ಗೌಡರು ತಿರುಗಿ ನೋಡಿ, ಒಂದು ಸೀಟು ಮುಂದಕ್ಕೆ ಹೋದರು. ಅಲ್ಲಿಂದಾಚೆಗೆ ಹೆಣಿಗೆ ಮನೆಯಲ್ಲೇ ನಡೆಯಿತು.

ಹನ್ನೆರಡು ದಿನಕ್ಕೆ ಗುಡಿ ಮುಗಿಯಿತು. ಎತ್ತಿ ಹಿಡಿದೆ. ಕಳಶ ಕೆಳಗಿತ್ತು, ಅಡಿಪಾಯ ಮೇಲಿತ್ತು. ಹೆಣಿಗೆ ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತದೆ. ನಾನೋ ನಕ್ಷೆಯನ್ನು ಪುಸ್ತಕ ಓದುವಂತೆ ಮೇಲಿನ ಸಾಲಿನಿಂದ ಓದಿಕೊಂಡು ಬಂದಿದ್ದೆ. ಹದಿನೇಳು ವರ್ಷ ಓದಿದ ಫಲ ಅದು. ಸಾಲದ್ದಕ್ಕೆ, ಹಿಂಭಾಗದಲ್ಲಿ ಸಾಗುವ ಎರಡನೆಯ ಬಣ್ಣದ ದಾರವನ್ನು ಬಿಗಿಯಾಗಿ ಎಳೆದಿದ್ದರಿಂದ ಇಡೀ ಗುಡಿ ಒಣಗಿದ ಹೀರೇಕಾಯಿಯಂತೆ ಸುಕ್ಕುಗಟ್ಟಿತ್ತು. ಬಿಚ್ಚಿಹಾಕಲು ಕೂತಿದ್ದವಳ ಕೈಯಿಂದ ಅವ್ವ ಅದನ್ನು ತೆಗೆದುಕೊಂಡಳು.

“ಯಾಕೆ ಬಿಚ್ತೀಯ?”

“ತಲೆಕೆಳಗಾಗಿದೆ ಕಣವ್ವ.”

ಅವ್ವ ಅದನ್ನು ತಿರುಗಿಸಿ ಹಿಡಿದಳು. ಗುಡಿ ನೆಟ್ಟಗೆ ನಿಂತುಕೊಂಡಿತು. “ದಿಂಬಿಗೆ ಆಕೋದಲ್ವಾ? ದಿಂಬಿಗೇನು ತಲೆ ಅದಾ, ಕಾಲದಾ? ಇಷ್ಟಕ್ಕೆ ಅತ್ಕಂಡು ಕೂತವ್ಳೆ” ಎಂದಳು. ಆಮೇಲೆ ಹಿಂಭಾಗ ನೋಡಿ ಮುಖ ಹಿಂಡಿದಳು. “ದಾರಾನ ಇಂಗೆ ಜಗ್ತಾರಾ? ಅದೇನ್ ಎಮ್ಮೆ ಅಗ್ಗವಾ? ಸಡಿಲ ಬುಡಬೇಕು ಕಣೆ. ಮುಂದ್ಗಡೆ ಚೆಂದಾಗ್ ಕಾಣ್ಬೇಕು ಅಂದ್ರೆ ಇಂದ್ಗಡೆದು ಆರಾಮಾಗಿರ್ಬೇಕು.”

ಆ ಮಾತಿಗೆ ನಾನು ಪ್ರಬಂಧ ಬರೆಯಬಲ್ಲೆ. ಬರೆಯುವುದಿಲ್ಲ, ಅವ್ವ ಹೇಳಿದ್ದು ದಾರದ ವಿಷಯ, ಅದು ದಾರದ ವಿಷಯವಾಗಿಯೇ ಇರಲಿ.

ಮಾರನೆಯ ದಿನದಿಂದ ಅವ್ವ ಎದುರಿಗೆ ಕೂತಳು. ಜೋಡಿ ಗುಡಿಯನ್ನೇ ಶುರು ಮಾಡಿದೆವು. ನಕ್ಷೆಯ ಪುಸ್ತಕವನ್ನು ಅವಳು ಮುಟ್ಟಲಿಲ್ಲ. ಅವಳ ನಕ್ಷೆ ಮಾತಿನಲ್ಲಿತ್ತು. “ಈಗ ಪಾಯ. ಎಲ್ಡ್ ಸಾಲು ಪೂರ್ತಿ ಬಿಳೀದು. ಈಗ ಗೋಡೆ ಏಳ್ಸು. ಗೋಡೆ ಆದ್ಮೇಕೆ ಮೆಟ್ಲು. ಒಂದೊಂದ್ ಮೆಟ್ಲಿಗೂ ಎಲ್ಡ್ ಕಡಿಂದ ಎಲ್ಡೆಲ್ಡ್ ಕುಣಿಕೆ ಕಮ್ಮಿ ಮಾಡ್ಕಂಡು ಓಗು.” ಅವಳು ಹೇಳುತ್ತಿದ್ದುದು ಹೆಣಿಗೆಯನ್ನಲ್ಲ, ಮನೆ ಕಟ್ಟುವ ಕೆಲಸವನ್ನು. ನಾನು ಗಾರೆಯವಳು, ಅವಳು ಮೇಸ್ತ್ರಿ. ನನ್ನ ಬೆರಳುಗಳಿಗೆ ಒಮ್ಮೆಲೇ ಲಯ ಸಿಕ್ಕಿತು. ಬಣ್ಣ ಬದಲಾಗುವ ಕಡೆ ದಾರ ತಾನಾಗಿ ಸಡಿಲವಾಗಿ ಹಿಂದಕ್ಕೆ ಸರಿಯುತ್ತಿತ್ತು. ಒಂದು ಸಾಲು ಮುಗಿದಾಗ ಇನ್ನೊಂದು ಸಾಲಿನ ಆಸೆ, ಅದು ಮುಗಿದಾಗ ಮತ್ತೊಂದರದ್ದು. ಒಲೆಯ ಮೇಲೆ ಹಾಲು ಉಕ್ಕಿದ್ದು ಇಬ್ಬರಿಗೂ ತಿಳಿಯಲಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವಾಗಲೂ ಮೇಜಿನ ಕೆಳಗೆ ನನ್ನ ಹೆಬ್ಬೆರಳು ಕುಣಿಕೆ ಎಣಿಸುತ್ತಿತ್ತು. ಇಷ್ಟು ಸಂತೋಷ ಮನೆಯಲ್ಲೇ ಇತ್ತು, ಇಡ್ಲಿಗೆ ಚುಚ್ಚುತ್ತಿದ್ದೆವು.

ಹತ್ತನೆಯ ಸಾಲಿಗೆ, ಗೋಡೆ ಏಳತೊಡಗಿದಾಗಲೇ, ಅವ್ವ ನನ್ನ ಕೈ ತಡೆದಳು.

“ತಡಿ. ಎಲ್ಡ್ ಗುಡಿ ಮಧ್ಯೆ ಏನೋ ಇಟ್ಟಿದ್ದೆ ಕಣೆ.”

“ಏನು?”

“ಅದೇ ಗೆಪ್ತಿಗೆ ಬತ್ತಿಲ್ಲ. ಸುಮ್ಕೆ ಬುಟ್ಟಿರ್ನಿಲ್ಲ ಆ ಜಾಗಾನ.” ಅವಳು ಕಣ್ಣು ಮುಚ್ಚಿ ಬರಿಗೈಯಲ್ಲೇ ಗಾಳಿಯಲ್ಲಿ ಹೆಣೆದು ನೋಡಿದಳು. ಬೆರಳು ಅಲ್ಲಿಗೆ ಬಂದು ನಿಂತುಬಿಡುತ್ತಿತ್ತು. “ದೀಪದ ಕಂಬ ಇರಬೇಕು” ಎಂದೆ. “ಅಲ್ಲ.” “ಗಿಡ?” “ಅಲ್ಲ ಅಂದ್ನಲ್ಲ.” ಎರಡು ದಿನ ಹೆಣಿಗೆ ನಿಂತಿತು. ಅವ್ವ ಸೊಪ್ಪು ಬಿಡಿಸುವಾಗ, ನೀರು ಹಿಡಿಯುವಾಗ, ನಡುವೆ ನಿಂತು ಅದನ್ನೇ ಹುಡುಕುತ್ತಿದ್ದಳು. ಹನ್ನೊಂದು ವರ್ಷ ಆ ಕವರಿನ ಹೆಸರೆತ್ತದವಳಿಗೆ ಈಗ ಅದು ಹಲ್ಲಿನ ಸಂದಿಯ ನಾರಿನಂತಾಗಿತ್ತು.

“ಹೋಗಿ ನೋಡ್ಕೊಂಡು ಬರೋಣ. ಸ್ಕೂಲಿನಲ್ಲೇ ಇದೆಯಲ್ಲ” ಎಂದೆ.

“ಅಯ್, ಬ್ಯಾಡ ಬ್ಯಾಡ” ಎಂದಳು, ಬಿಸಿ ಪಾತ್ರೆ ಮುಟ್ಟಿದವಳಂತೆ. ಯಾಕೆ ಬೇಡವೆಂದು ಹೇಳಲಿಲ್ಲ. ಆದರೆ ಶನಿವಾರ ಬೆಳಿಗ್ಗೆ ನಾನು ಹೊರಟಾಗ ಒಳ್ಳೆಯ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

ಮುಖ್ಯೋಪಾಧ್ಯಾಯಿನಿಯವರು ಹೊಸಬರು, ನನ್ನ ಕಾಲದವರಲ್ಲ. ಹಳೆಯ ವಿದ್ಯಾರ್ಥಿನಿ ಎಂದು ಪರಿಚಯಿಸಿಕೊಂಡಾಗ ಆದರದಿಂದ ಕೂರಿಸಿದರು. ಅವರ ಕೋಣೆಯ ಗೋಡೆಗೆ ಆ ಗಾಜಿನ ಬೀರು. ಮೇಲಿನ ಅಂಕಣದಲ್ಲಿ ಶೀಲ್ಡುಗಳು, ಕೆಳಗೆ ಕೈಕೆಲಸಗಳು. ಮಣಿಯ ಗಿಳಿಗಳು, ಬಾಗಿಲ ತೋರಣ, ಕ್ರೋಶಾದ ಬಟ್ಟೆ, ಸೆಣಬಿನ ಗೊಂಬೆ. ಪ್ರತಿಯೊಂದಕ್ಕೂ ಒಂದು ಚೀಟಿ, ಪ್ರತಿ ಚೀಟಿಯಲ್ಲೂ ನನ್ನ ಜೊತೆಯ ಒಬ್ಬ ಹುಡುಗಿಯ ಹೆಸರು. ನನಗೆ ಆ ಹುಡುಗಿಯರೆಲ್ಲ ಗೊತ್ತು. ಸೂಜಿಗೆ ದಾರ ಪೋಣಿಸಲು ಬಾರದವರು ನಾವೆಲ್ಲ. ಆ ಬೀರುವಿನಲ್ಲಿ ಇದ್ದದ್ದು ಒಂದು ತರಗತಿಯ ಮಕ್ಕಳಲ್ಲ, ಅವರ ತಾಯಂದಿರು. ಸಾಲಾಗಿ ಕೂತಿದ್ದರು, ಒಬ್ಬರ ಹೆಸರೂ ಇಲ್ಲದೆ.

ನಮ್ಮ ಕವರು ಮೂಲೆಯಲ್ಲಿತ್ತು. ಮೆರೂನ್ ಸ್ವಲ್ಪ ಮಾಸಿತ್ತು. ಮುಂದೆ ಚೀಟಿ, ನನ್ನದೇ ದುಂಡಕ್ಷರದಲ್ಲಿ: “ಜೋಡಿ ಗುಡಿ. ಚೈತ್ರ, ಒಂಬತ್ತನೆಯ ತರಗತಿ, ಬಿ ವಿಭಾಗ. ಇದನ್ನು ಯಾರ ಸಹಾಯವೂ ಇಲ್ಲದೆ ನಾನೇ ಸ್ವತಃ ಹೆಣೆದಿದ್ದೇನೆ.”

ಯಾರ ಸಹಾಯವೂ ಇಲ್ಲದೆ ಎಂದು ಬರೆಯಿರಿ ಎಂದು ಯಾರೂ ಹೇಳಿರಲಿಲ್ಲ. ಅದು ನನ್ನ ಸ್ವಂತ ಸೇರ್ಪಡೆ. ಯಾರ ಮೇಲೆ ಬೆರಳು ತೋರಿಸಬೇಕೆಂದು ಹೋಗಿದ್ದೆನೋ ಆ ಬೆರಳೇ ಆ ಅಕ್ಷರಗಳನ್ನು ಬರೆದಿತ್ತು.

ಅವ್ವ ಚೀಟಿ ಓದುತ್ತಿರಲಿಲ್ಲ. ಗಾಜಿಗೆ ಮುಖ ತಾಗಿಸಿ ಎರಡು ಗುಡಿಗಳ ನಡುವೆ ನೋಡುತ್ತಿದ್ದಳು. ಅಲ್ಲಿ, ಗೋಡೆಗಳ ಬುಡದಲ್ಲಿ, ಕೆನೆಬಣ್ಣದ ಹತ್ತಿಪ್ಪತ್ತು ಕುಣಿಕೆಗಳ ಒಂದು ಪುಟ್ಟ ಆಕಾರವಿತ್ತು. ಕೂತಿದ್ದ ಹೆಂಗಸು. ಪಕ್ಕದಲ್ಲಿ ಒಂದು ಗಂಟು.

“ಓ, ಇದಾ” ಎಂದಳು ಅವ್ವ ಮೆಲ್ಲಗೆ. “ನಾನು ಕಣೆ ಇದು. ಆವತ್ತು ಮೊಸಳೆನಾಗೆ ನೀವೆಲ್ಲ ಗುಡಿ ಒಳಿಕ್ಕೋದ್ರಲ್ಲ, ಬುತ್ತಿ ಗಂಟು, ನಿಮ್ಮೆಲ್ಲರ ಚಪ್ಲಿ ಕಾಯ್ಕಂಡು ನಾನು ಎಲ್ಡ್ ಗುಡಿ ನಡ್ವೆ ಕೂತಿದ್ನಲ್ಲ. ಎಷ್ಟೊತ್ತಾದ್ರೂ ಬರ್ನಿಲ್ಲ ನೀವು. ಸುಮ್ಕೆ ಕೂತು ಮೆಟ್ಲು ಎಣಿಸ್ತಿದ್ದೆ. ಅಂಗೇ ಎಣಿಸಿದ್ದು ಆಮ್ಯಾಲೆ ಉಪಯೋಗುಕ್ಕೆ ಬಂತು.”

ನಾನು ಪುಳಿಯೋಗರೆ ಮತ್ತು ಹಲ್ಲಿಯನ್ನು ನೆನಪಿಟ್ಟುಕೊಂಡ ಆ ದಿನದಲ್ಲಿ ಅವ್ವನೂ ಇದ್ದಳೆಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಗುಡಿಯ ಒಳಗೆ ಹೋದ ಹನ್ನೆರಡು ಜನರಲ್ಲಿ ಒಬ್ಬರೂ ಆ ಗೋಪುರವನ್ನು ನೋಡಿರಲಿಲ್ಲ. ಹೊರಗೆ ಕೂತವಳು ನೋಡಿದ್ದಳು.

ಮುಖ್ಯೋಪಾಧ್ಯಾಯಿನಿಯವರು ಎದ್ದು ಬಂದರು. “ತುಂಬ ಚೆನ್ನಾಗಿದೆ ಇದು. ಬಂದವರೆಲ್ಲ ಕೇಳ್ತಾರೆ. ಯಾರಮ್ಮ ಹೆಣೆದದ್ದು?”

ಅವ್ವ ಒಂದು ಗಳಿಗೆಯೂ ತಡೆಯದೆ, “ಇವ್ಳೇ ಕಣಮ್ಮ, ನಮ್ ಉಡುಗಿ” ಎಂದಳು.

“ಸುಳ್ಳು ಮೇಡಂ. ನಮ್ಮವ್ವ ಹೆಣೆದದ್ದು” ಎಂದೆ.

ಅವ್ವ ನನ್ನ ತೋಳು ಜಿಗುಟಿದಳು. ಹಗುರವಾಗಿ ಅಲ್ಲ. ನನ್ನನ್ನು ಬಾಗಿಲ ಬಳಿಗೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು: “ತಲೆಕೆಟ್ಟದಾ ನಿಂಗೆ? ಮೋಸ ಮಾಡಿ ಪಾಸಾದ್ಲು ಅಂತ ಬರ್ಕಂಡ್ರೆ? ಮಾರ್ಕ್ಸ್ ಕಾಡ್ರು ಕ್ಯಾನ್ಸಲ್ ಆಯ್ತದೆ. ಅದೋದ್ರೆ ಎಸ್ಸೆಲ್ಸಿ ಓಯ್ತು, ಅದೋದ್ರೆ ಎಮ್ಮೇ ಓಯ್ತು, ನಿನ್ ಕೆಲ್ಸನೂ ಓಯ್ತದೆ. ಬಾಯ್ ಮುಚ್ಕ.”

ಹನ್ನೊಂದು ವರ್ಷದ ಮೌನಕ್ಕೆ ಕಾರಣ ವಿನಯವಲ್ಲ, ತ್ಯಾಗವಲ್ಲ. ಹೆದರಿಕೆ. ತನ್ನ ಹದಿನೆಂಟು ದಿನದ ಕೆಲಸ ಬೆಳಕಿಗೆ ಬಂದರೆ ನನ್ನ ಓದೆಲ್ಲ ತುದಿಯಿಂದ ಬಿಚ್ಚಿಕೊಂಡು ಹೋಗುತ್ತದೆಂದು, ಒಂದು ಕುಣಿಕೆ ಜಾರಿದರೆ ಇಡೀ ಬಟ್ಟೆ ಜಾರುವಂತೆ, ಅವಳು ನಂಬಿದ್ದಳು. ಸೀಮಂತದ ದಿನ ನನ್ನ ಮುಖ ತಪ್ಪಿಸಿದ್ದು ಅದಕ್ಕೆ. ಕವರನ್ನು ವಾಪಸು ಕೇಳದೆ ಇದ್ದದ್ದು ಅದಕ್ಕೆ. ಇಷ್ಟು ವರ್ಷ ಅದೃಶ್ಯ ದುಡಿಮೆಯ ಬಗ್ಗೆ ಓದಿದ ನಾನು ಒಮ್ಮೆಯೂ ಅವಳನ್ನು, “ಯಾಕೆ ಹೇಳಲ್ಲ?” ಎಂದು ಕೇಳಿರಲಿಲ್ಲ.

ಮುಖ್ಯೋಪಾಧ್ಯಾಯಿನಿಯವರಿಗೆ ಪಿಸುಮಾತು ಕೇಳಿಸಿತ್ತು. ಅವರು ನಕ್ಕರು, ಆದರೆ ಕೆಟ್ಟದಾಗಿ ಅಲ್ಲ. “ಹಾಗೆಲ್ಲ ಏನೂ ಆಗಲ್ಲಮ್ಮ, ಒಂಬತ್ತನೇ ಕ್ಲಾಸಿನ ಕ್ರಾಫ್ಟ್ ಅದು. ನನ್ನ ಮಗಳದ್ದನ್ನ ನಾನೇ ಮಾಡಿಕೊಟ್ಟಿದ್ದೆ” ಎಂದರು.

ಅವ್ವ ನಂಬಲಿಲ್ಲ. ಅಧಿಕಾರದವರು ನಗುತ್ತ ಹೇಳಿದ್ದನ್ನು ನಂಬುವ ಅಭ್ಯಾಸ ನಮ್ಮವರಿಗಿಲ್ಲ. ಆದರೂ ಬೀರುವಿನ ಬಾಗಿಲು ತೆರೆದಾಗ ಅವಳ ಕೈ ತಾನಾಗಿ ಒಳಗೆ ಹೋಯಿತು. ಕವರನ್ನು ತಿರುವಿ ಹಿಂಭಾಗದ ದಾರಗಳ ಮೇಲೆ ಬೆರಳಾಡಿಸಿದಳು, ಒಂದೂ ಬಿಗಿದಿರಲಿಲ್ಲ. “ಧೂಳು ಕುಂತದೆ ಕಣಮ್ಮ. ಮನಿಗೆ ತಕ್ಕೊಂಡೋಗಿ ಸೀಗೆಕಾಯಿ ನೀರ್ನಾಗೆ ಅದ್ದಿ, ನೆರಳಾಗೆ ಒಣಗಾಕಿ ತಂದ್ಕೊಟ್ಬುಡ್ತೀನಿ. ಎಲ್ಡೇ ದಿನ” ಎಂದು ಕೇಳಿದಳು. ತನ್ನದೇ ವಸ್ತುವನ್ನು ತೊಳೆಯುವುದಕ್ಕೆ ಅನುಮತಿ.

“ಆಚೆ ಕೊಡೋಕೆ ನನಗೆ ಅಧಿಕಾರ ಇಲ್ಲಮ್ಮ” ಎಂದರು ಅವರು, ನಿಜವಾಗಿಯೂ ಬೇಸರದಿಂದ. ನಾನು ಚೀಟಿಯನ್ನಾದರೂ ಬದಲಿಸಿ ಎಂದೆ. ಅದಕ್ಕೂ ಅದೇ ಉತ್ತರ. “ನೀವು ಹೇಳೋದು ಸರಿ. ಬರವಣಿಗೆಯಲ್ಲಿ ಕೊಡಿ, ಸಮಿತಿಯ ಮುಂದೆ ಇಡ್ತೀನಿ.”

ಮನೆಗೆ ಬಂದ ಮೇಲೆ ಅವ್ವ ಕಡ್ಡಿ ಕೈಗೆ ತೆಗೆದುಕೊಂಡು ಗುಡಿಗಳ ನಡುವಿನ ಜಾಗವನ್ನು ತಾನೇ ತುಂಬಿದಳು, ತಡೆಯಿಲ್ಲದೆ. ಉಳಿದದ್ದನ್ನು ನಾನು ಹೆಣೆಯುತ್ತಿದ್ದೇನೆ. ಗೋಪುರ ಐದನೆಯ ಮೆಟ್ಟಿಲಿಗೆ ಬಂದಿದೆ. ಅವ್ವನಿಗೆ ಈಗ ಸಮಾಧಾನ. ಬರವಣಿಗೆ ಮಾತ್ರ ಬೇಡವೆನ್ನುತ್ತಾಳೆ. “ಬ್ಯಾಡ ಕಣೆ. ನಂಗೇನಾಗ್ಬೇಕು ಎಸ್ರು?” ನಾನು ಬರೆಯುತ್ತೇನೆ ಎಂದೆ. ಅವಳು ಸ್ವಲ್ಪ ಹೊತ್ತು ಕುಣಿಕೆ ಎಣಿಸಿ, “ಬರದ್ರೆ ಮೊಸಳೆ ಅಂತನೂ ಬರಿ. ಸುಮ್ಕೆ ಯಾವುದೋ ಗುಡಿ ಅಂತ ಬರೀಬ್ಯಾಡ” ಎಂದಳು. ಅದನ್ನು ಒಪ್ಪಿಗೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಆದುದರಿಂದ, ಮುಖ್ಯೋಪಾಧ್ಯಾಯಿನಿಯವರಿಗೆ ಹಾಗೂ ಶಾಲಾ ಸಮಿತಿಯ ಮಾನ್ಯರಿಗೆ, ತಾವು ಕೇಳಿದ ಬರವಣಿಗೆ ಇದೇ ಎಂದು ಭಾವಿಸಿ ಸ್ವೀಕರಿಸಬೇಕಾಗಿ ವಿನಂತಿ. ನನ್ನ ಚೀಟಿಯಲ್ಲಿರುವ ಹೇಳಿಕೆ ಸುಳ್ಳು. ಅದನ್ನು ಬರೆದವಳು ನಾನು, ಹಿಂತೆಗೆದುಕೊಳ್ಳುತ್ತಿದ್ದೇನೆ. ಅದರ ಜಾಗದಲ್ಲಿ “ಮೊಸಳೆಯ ಜೋಡಿ ಗುಡಿ, ಹೆಣೆದವರು ರತ್ನಮ್ಮ, ಕೊಣನೂರು” ಎಂದು ಬರೆಸಬೇಕು. ಬೀರುವಿನಲ್ಲಿರುವ ಉಳಿದ ವಸ್ತುಗಳ ಹೆಸರಿನ ಹುಡುಗಿಯರನ್ನು ಕರೆಸಿ, ಮಾಡಿದವರು ಯಾರೆಂದು ಕೇಳಿ, ಆ ಚೀಟಿಗಳನ್ನೂ ತಿದ್ದಬೇಕು. ಅವರು ನಿಜ ಹೇಳುತ್ತಾರೆ, ಕೇಳಿದವರಿಲ್ಲ ಅಷ್ಟೇ. ಕ್ರಾಫ್ಟ್ ಪಿರಿಯಡ್ಡನ್ನು ಗಣಿತದಿಂದ ಬಿಡಿಸಿ ಕೈಕೆಲಸ ಬಲ್ಲವರ ಕೈಗೆ ಕೊಡಬೇಕು, ಅಥವಾ ಅದಕ್ಕೆ ಅಂಕ ಹಾಕುವುದನ್ನು ನಿಲ್ಲಿಸಬೇಕು. ಎರಡರಲ್ಲಿ ಯಾವುದೆಂದು ಸಮಿತಿಯೇ ತೀರ್ಮಾನಿಸಲಿ. ವರ್ಷಕ್ಕೊಮ್ಮೆ ತಮ್ಮ ವಸ್ತುವನ್ನು ಮನೆಗೆ ಒಯ್ದು ತೊಳೆದು ತರಲು ಮಾಡಿದವರಿಗೆ ಅವಕಾಶವಿರಬೇಕು.

ಎಲ್ಲಕ್ಕಿಂತ ಮುಖ್ಯವಾಗಿ, ಸತ್ಯ ಹೇಳಿದ್ದರಿಂದ ಯಾರ ಮಗಳ ಯಾವ ಅಂಕಪಟ್ಟಿಯೂ ರದ್ದಾಗುವುದಿಲ್ಲ ಎಂದು ತಾವು ಬಾಯಲ್ಲಿ ಹೇಳಿದ್ದನ್ನು ಕಾಗದದ ಮೇಲೆ, ಸಹಿ ಮತ್ತು ಮೊಹರಿನೊಂದಿಗೆ, ಹದಿನೈದು ದಿನಗಳ ಒಳಗೆ ತಿಳಿಸಬೇಕು. ಆ ಉತ್ತರ ನನಗೆ ಬೇಡ. ನಾನು ಆ ಶಾಲೆಯಲ್ಲಿ ಓದಿದ ಮೂರು ವರ್ಷವೂ ಮನೆಗೆ ಬಂದ ಕಾಗದಗಳೆಲ್ಲ ಅಪ್ಪನ ಹೆಸರಿಗೋ, ಪಾಲಕರಿಗೆ ಎಂದೋ ಬಂದವು. ಈ ಒಂದನ್ನು ಶ್ರೀಮತಿ ರತ್ನಮ್ಮ ಎಂದು ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ. ಅಂಚೆಯವರು ಬಾಗಿಲಲ್ಲಿ ಹೆಸರು ಕೂಗಿದಾಗ ನಾನು ಹೊರಗೆ ಬರುವುದಿಲ್ಲ. ಸಹಿ ಹಾಕಿ ತೆಗೆದುಕೊಳ್ಳಬೇಕಾದವಳು ಅವಳು.